ಯಾರೂ ಇರಲಿಲ್ಲ ಎಂದು ಅಚ್ಚಾದ ಪುಟ

ತರೀಕೆರೆಯ ಆಸ್ಪತ್ರೆಯಲ್ಲಿ ನಾನು ಕಾಮಾಲೆಯಾಗಿ ಮಲಗಿದ್ದಾಗ, ಬೆಳಿಗ್ಗೆ ಬಂದು ಹೋಗುತ್ತಿದ್ದ ಅಮ್ಮನನ್ನು ಬಿಟ್ಟರೆ, ನನ್ನ ಹತ್ತಿರ ಯಾರಾದರೂ ಇದ್ದರೋ ಇಲ್ಲವೋ, ನನ್ನ ನೆನಪಿನಿಂದ ಖಚಿತವಾಗಿ ಹೇಳಲಾರೆ. ನನ್ನ ಪುಸ್ತಕದಲ್ಲಿ ಮಾತ್ರ ಬಹಳ ಖಚಿತವಾಗಿ ಹೇಳಿಬಿಟ್ಟಿದ್ದೇನೆ. 'ಆ ದಿನಗಳಲ್ಲಿ ನನ್ನ ಬಳಿ ಯಾರೂ ಇರಲಿಲ್ಲ. ಸ್ನೇಹಿತರೆಲ್ಲ ಕೈಬಿಟ್ಟಿದ್ದರು. ನಾನು ಗೋಡೆಯ ಕಡೆಗೆ ತಿರುಗಿ ಕರ್ತನನ್ನು ಕೂಗಿದೆನು' ಎಂದು ಅಚ್ಚಾಗಿದೆ. ಇದರಲ್ಲಿ ಗೋಡೆ ನಿಜ. ಹಸಿರು ಎಣ್ಣೆಬಣ್ಣ ಬಳಿದ ಗೋಡೆ. ನನ್ನ ಮೂಗಿನ ಎದುರಿಗೇ ಅಂಗೈಯಗಲದ ಚಕ್ಕೆ ಎದ್ದಿತ್ತು. ಕೂಗಿದ್ದೂ ನಿಜ ಎಂದುಕೊಂಡಿದ್ದೇನೆ, ಬಾಯಿಂದ ದನಿ ಹೊರಡದಿದ್ದರೂ. ಯಾರೂ ಇರಲಿಲ್ಲ ಎಂಬ ಮಾತೊಂದು ಪುಸ್ತಕ ಹೊರಬಂದ ದಿನದಿಂದ ನನ್ನನ್ನು ಕೂತಲ್ಲಿ ಕೂರಗೊಟ್ಟಿಲ್ಲ.

ನಾನು ಮೊದಲೇ ಕೂತಲ್ಲಿ ಕೂರುವವನಲ್ಲ. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ ಬಂದವನು. ಈಗ ಕಡೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಭಾನುವಾರ ಅಮ್ಮನ ಜೊತೆ ಅಜ್ಜಂಪುರದ ನಮ್ಮ ಸಭೆಗೆ ಹೋಗುತ್ತೇನೆ. ಪಾಸ್ಟರು ಪ್ರಸಂಗ ಮಾಡುವಾಗ ಎರಡು ಸಲವಾದರೂ ಎದ್ದು ನೀರು ಕುಡಿಯಲು ಹೋಗುತ್ತೇನೆ. ನಿನಗೆ ನಂಬಿಕೆ ಇದೆಯಾ ಎಂದು ಯಾರಾದರೂ ಕೇಳಿದರೆ, ಇವತ್ತು ಯಾವ ವಾರ ಎಂದು ನೋಡಿಕೊಂಡು ಉತ್ತರ ಹೇಳಬೇಕಾದ ಸ್ಥಿತಿ ನನ್ನದು. ಇಂಥವನು ತನ್ನ ಮೊದಲ ಪುಸ್ತಕವಾಗಿ ಸಾಕ್ಷಿಯ ಪುಸ್ತಕ ಬರೆದ ಎಂದರೆ ನಗು ಬರಬೇಕು. ನನಗೆ ಬರುವುದು ನಗುವಲ್ಲ.

ನಮ್ಮ ಸಭೆ ಸೇರುವುದು ಒಂದು ಈರುಳ್ಳಿ ಮಂಡಿಯ ಮೇಲಿನ ಹಾಲಿನಲ್ಲಿ. ಫಸಲಿನ ದಿನಗಳಲ್ಲಿ ಕೆಳಗಿನ ಘಾಟು ಮೇಲೆದ್ದು ಎಲ್ಲರ ಕಣ್ಣಲ್ಲೂ ನೀರು ತರಿಸುತ್ತದೆ. ಹೊಸದಾಗಿ ಬಂದವರು ಅದನ್ನು ಪವಿತ್ರಾತ್ಮನ ಕೆಲಸವೆಂದು ತಿಳಿಯುವುದೂ ಉಂಟು. ಒಂದು ಭಾನುವಾರ ಪಾಸ್ಟರು ನನ್ನನ್ನು ಎಬ್ಬಿಸಿ, ದೇವರು ನಿನ್ನ ಬದುಕಿನಲ್ಲಿ ಮಾಡಿದ್ದನ್ನು ಹೇಳು ಎಂದರು. ಕಾಮಾಲೆಯ ಕತೆ ಹೇಳಿದೆ. ಜನ ಅತ್ತರು. ಅದು ಈರುಳ್ಳಿಯ ಕಾಲವಲ್ಲ. ನನಗೆ ಅದರ ರುಚಿ ಹತ್ತಿತು. 'ಇದನ್ನು ಪುಸ್ತಕ ಮಾಡಿ ಬ್ರದರ್' ಎಂದು ಪಾಸ್ಟರು ಹೇಳಿದಾಗ ನಾನು ಬೇಡವೆಂದದ್ದು ಒಂದೇ ಸಲ, ಅದೂ ಮೆಲ್ಲಗೆ.

ಸಾಕ್ಷಿ ಹೇಳುವುದಕ್ಕೆ ಒಂದು ರೂಢಿಯ ಕ್ರಮವಿದೆ. ಮೊದಲು ಕತ್ತಲೆ, ಕೆಟ್ಟ ಸಹವಾಸ. ಆಮೇಲೆ ಆಪತ್ತು, ಎಲ್ಲರೂ ದೂರವಾಗುವುದು. ಆಮೇಲೆ ಕರೆ. ಬೇರೆಯವರು ಹೀಗೆ ಹೇಳುವಾಗ ಹಿಂದಿನ ಬೆಂಚಿನಲ್ಲಿ ಕೂತು, ಈಗ ಸ್ನೇಹಿತರು ಬಿಟ್ಟುಹೋಗುತ್ತಾರೆ ನೋಡು ಎಂದು ಮನಸ್ಸಿನಲ್ಲೇ ಊಹಿಸುತ್ತಿದ್ದವನು ನಾನು. ಬರೆಯಲು ಕೂತಾಗ ಕೈ ಅದೇ ದಾರಿ ಹಿಡಿಯಿತು. ಕೆಟ್ಟ ಸಹವಾಸಕ್ಕೆ ಯಾರಾದರೂ ಬೇಕಿತ್ತು. ನನಗಿದ್ದವರು ಇಬ್ಬರು ಸ್ನೇಹಿತರು. ಇಬ್ಬರನ್ನೂ ಹಾಕಿಬಿಟ್ಟೆ.

ಪುಸ್ತಕ ಮಾಡಿಕೊಟ್ಟವರೂ ಅವರಿಬ್ಬರೇ.

ಒಬ್ಬನದು ಕಡೂರು ಬಸ್ ನಿಲ್ದಾಣದ ಹಿಂದೆ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕರೆಯೋಲೆ, ತಿಥಿ ಕಾರ್ಡು ಮಾಡುತ್ತಾನೆ. ಕಂಪ್ಯೂಟರಿನ ತಲೆಯ ಮೇಲೆ ಪುಟ್ಟ ಗಣಪತಿಯನ್ನು ಅಂಟಿಸಿದ್ದಾನೆ. ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಉದ್ದದ ಆಳು. ಇನ್ನೊಬ್ಬ ಹಿರೇನಲ್ಲೂರಿನವನು, ಖಾಸಗಿ ಬಸ್ಸಿನ ಕಂಡಕ್ಟರ್. ಅವನ ಮನೆಯಲ್ಲಿ ಅಪ್ಪನ ಕಾಲದಿಂದ ಬುದ್ಧನ ಪಟವಿದೆ. ನನ್ನ ಕೈಬರಹದ ಕಟ್ಟನ್ನು ಅಂಗಡಿಯವನಿಗೆ ಕೊಟ್ಟು ನಾಲ್ಕೈದು ದಿನವಾಗಿತ್ತು. ಸಂಜೆ ಹೋದಾಗ ಕಂಡಕ್ಟರನೂ ಅಲ್ಲೇ ಕೂತು ಮಂಡಕ್ಕಿ ತಿನ್ನುತ್ತಿದ್ದ.

ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದ: "ಲೇ, ಮೂರನೇ ಅಧ್ಯಾಯದ ಕುಡುಕ ನಾನೇ ಅಲ್ವೇನೋ?"

"ಹೆಸರು ಹಾಕಿಲ್ವಲ್ಲ," ಎಂದೆ.

"ಹೆಸರು ಯಾಕ್ ಬೇಕು? ಎಡಗೈಲಿ ಬಾಟ್ಲು ಹಿಡ್ದ ಉದ್ದನೆಯವನು ಅಂತ ಬರ್ದಿದ್ದೀಯ. ಕಡೂರಿಗೆಲ್ಲಾ ಗೊತ್ತಾಯ್ತದೆ. ನನ್ ಹೆಂಡ್ತಿಗಂತೂ ಮೊದ್ಲು ಗೊತ್ತಾಯ್ತದೆ."

"ನಿಂಗೆ ಎರಡು ಪುಟ ಕೊಟ್ಟವ್ನೆ, ಸುಮ್ನಿರು," ಎಂದ ಕಂಡಕ್ಟರ್. "ನಂದು ಬರೀ ನಾಕು ಸಾಲು. ಏನಪ್ಪಾ, ನಾನೇನು ಅವನಿಗಿಂತ ಕಮ್ಮಿ ಪಾಪೀನಾ?"

ಇಬ್ಬರೂ ನಕ್ಕರು. ನಾನೂ ನಕ್ಕೆ. ಆ ಅಧ್ಯಾಯದ 'ಮದ್ಯಪಾನದ ದಿನಗಳು' ಎಂದರೆ ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಮೂವರೂ ಸೇರಿ ಕುಡಿದ ಒಂದೇ ಬಾಟಲಿ ಬಿಯರು. ಬಿಸಿಲಿಗೆ ಕಾದುಹೋಗಿತ್ತೆಂದು ಅರ್ಧವನ್ನು ಕೆರೆಗೇ ಸುರಿದಿದ್ದೆವು. 'ದೇವದೂಷಣೆ' ಎಂದು ಬರೆದದ್ದು ಆವತ್ತಿನದೇ. ದೂಷಿಸಿದವನು ನಾನೊಬ್ಬ. ಇದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅವರಿಬ್ಬರೂ 'ಬಿಡೋ, ಅಂಗೆಲ್ಲಾ ಅನ್ಬಾರ್ದು' ಎಂದಿದ್ದರು. ಪುಸ್ತಕದಲ್ಲಿ ಅದು 'ನಾವು ದೂಷಿಸುತ್ತಿದ್ದೆವು' ಎಂದಾಗಿದೆ.

ಟೈಪ್ ಮಾಡುವಾಗ ಅವನಿಗೊಂದು ಅಭ್ಯಾಸ. ಅನುಮಾನ ಬಂದ ಕಡೆ ಸಾಲಿನ ಮೇಲೆ ಬೆರಳಿಟ್ಟು, 'ಹಾಗೇ ಇರ್ಲಾ?' ಎನ್ನುತ್ತಾನೆ. ವರನ ಅಜ್ಜನ ಊರು ತಪ್ಪಿದ್ದರೂ ಅಷ್ಟೇ, ಮುಹೂರ್ತದ ವಾರ ತಪ್ಪಿದ್ದರೂ ಅಷ್ಟೇ, ತಾನಾಗಿ ತಿದ್ದುವುದಿಲ್ಲ. ತಿದ್ದಿ ಬೈಸಿಕೊಂಡಿದ್ದಾನಂತೆ. ಆಸ್ಪತ್ರೆಯ ಅಧ್ಯಾಯ ಬಂದ ದಿನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಟಕಟಕ ಹೊಡೆಯುತ್ತಿದ್ದವನು ನಿಲ್ಲಿಸಿದ.

"ಇಲ್ಲಿ ಯಾರೂ ಇರ್ಲಿಲ್ಲ ಅಂತ ಬರ್ದಿದ್ದೀಯ. ಹಾಗೇ ಇರ್ಲಾ?"

ನಾನು ಫೋನ್ ನೋಡುತ್ತಿದ್ದೆ. "ಹಾಗೇ ಇರ್ಲಿ," ಎಂದೆ.

ಅವನು ಮುಂದಿನ ಸಾಲಿಗೆ ಹೋದ. ನಾನು ತಲೆ ಎತ್ತಿದೆನೇ, ಅವನ ಮುಖ ನೋಡಿದೆನೇ? ನೋಡಿದ ಹಾಗೆ ಒಂದು ಚಿತ್ರ ಈಗ ನನ್ನಲ್ಲಿದೆ, ಆದರೆ ಅದು ಆಮೇಲೆ ನಾನೇ ಕಟ್ಟಿಕೊಂಡದ್ದಿರಬಹುದು. ಅವನು ಕೇಳಿದ್ದು ಮಾತ್ರ ನಿಜ.

ತರೀಕೆರೆಯ ಪ್ರೆಸ್ಸಿನಲ್ಲಿ ಹಾಳೆಗಳು ಅಚ್ಚಾದವು. ಕಂಡಕ್ಟರ್ ಬಂಡಲುಗಳನ್ನು ಬಸ್ಸಿನ ಕೊನೆಯ ಸೀಟಿನ ಕೆಳಗೆ ತುರುಕಿ ಅಜ್ಜಂಪುರಕ್ಕೆ ತಂದ. ಬೈಂಡಿಂಗನ್ನು ನಮ್ಮ ಮನೆಯಲ್ಲೇ ಮಾಡಿದೆವು. ನಡುಮನೆಯಲ್ಲಿ ಚಾಪೆ ಹಾಸಿ, ಸಭೆಯ ಹೆಂಗಸರು ಹಾಳೆ ಮಡಿಸುವುದು, ಕಂಡಕ್ಟರ್ ಪಿನ್ನು ಹೊಡೆಯುವುದು, ಅಂಗಡಿಯವನು ಮೈದಾ ಅಂಟು ಬಳಿದು ರಟ್ಟು ಕೂರಿಸುವುದು. ಅಮ್ಮ ಎಲ್ಲರಿಗೂ ಉಪ್ಪಿಟ್ಟು ಮಾಡಿ ತಂದಳು. ಅಂಗಡಿಯವನು ಗೋಡೆಗೊರಗಿ ಕಾಲು ಚಾಚಿದ್ದ.

"ಕಾಲು ಒಳಗೆ ತಗಳಪ್ಪಾ," ಎಂದಳು ಅಮ್ಮ. "ಮುದುಕಿ ಇನ್ನೊಂದ್ಸಲ ಬೀಳ್ತಾಳೆ."

"ಬಿದ್ರೆ ಹಿಡ್ಕೋತೀನಿ ಬಾ ಅಮ್ಮಾ," ಎಂದ ಅವನು.

ಇಬ್ಬರೂ ನಕ್ಕರು. ಅವನು ಮನೆಗೆ ಬಂದಾಗಲೆಲ್ಲ ಅವರ ನಡುವೆ ಈ ಮಾತು ಇದ್ದದ್ದೇ. ಉದ್ದ ಕಾಲಿನವನನ್ನು ಛೇಡಿಸುವುದು ಎಂದುಕೊಂಡಿದ್ದೆನೇ ಹೊರತು, 'ಇನ್ನೊಂದ್ಸಲ' ಎಂದರೆ ಮೊದಲ ಸಲ ಯಾವಾಗ ಎಂದು ಕೇಳಿರಲಿಲ್ಲ. ಎಲ್ಲವನ್ನೂ ಪ್ರಶ್ನಿಸುತ್ತೇನೆ ಎಂದು ಕ್ಲಾಸಿನಲ್ಲಿ ಹೇಳಿಕೊಳ್ಳುವವನು ನಾನು.

ಬಿಡುಗಡೆ ಭಾನುವಾರ ಆರಾಧನೆಯ ನಂತರ. ಪಾಸ್ಟರು ಪುಸ್ತಕದ ಕಟ್ಟಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಸ್ಪತ್ರೆಯ ಭಾಗ ಓದಿ ಎಂದರು. ನನ್ನ ಸ್ನೇಹಿತರಿಬ್ಬರೂ ಇಸ್ತ್ರಿ ಶರಟು ಹಾಕಿಕೊಂಡು ಕೊನೆಯ ಬೆಂಚಿನಲ್ಲಿ, ನಾನು ಪ್ರತಿ ವಾರ ಕೂರುವ ಜಾಗದಲ್ಲಿ ಕೂತಿದ್ದರು. ಓದಿದೆ. 'ನನ್ನ ಬಳಿ ಯಾರೂ ಇರಲಿಲ್ಲ' ಎಂದಾಗ ಸಭೆ ಒಟ್ಟಾಗಿ 'ಸ್ತೋತ್ರ' ಎಂದಿತು. ಮುಂದಿನ ಸಾಲಿನಲ್ಲಿದ್ದ ಅಮ್ಮ ಹಿಂದಕ್ಕೆ ತಿರುಗಿ ಕೊನೆಯ ಬೆಂಚಿನ ಕಡೆ ನೋಡಿದಳು. ನೋಡಿದ್ದನ್ನು ನಾನು ನೋಡಿದೆ. ಆದರೂ ಮುಂದಿನ ಸಾಲು ಓದಿದೆ, ಅದರ ಮುಂದಿನದನ್ನೂ ಓದಿದೆ, ದನಿಯನ್ನು ಬೇಕಾದ ಕಡೆ ತಗ್ಗಿಸಿಯೇ ಓದಿದೆ.

ಆಮೇಲೆ ಪಾಸ್ಟರು, ಈ ಪುಸ್ತಕಕ್ಕೆ ಕೈಜೋಡಿಸಿದ ಇಬ್ಬರು ಸಹೋದರರು ನಮ್ಮ ನಡುವೆ ಇದ್ದಾರೆ, ಮುಂದೆ ಬರಬೇಕು ಎಂದರು. ಬಂದರು. ಶಾಲು ಹೊದಿಸಲು ಹೋದಾಗ ಅಂಗಡಿಯವನು ಸಂಕೋಚದಿಂದ ಹಿಂದೆ ಸರಿದ.

"ನಂಗ್ಯಾಕ್ರೀ ಶಾಲು? ಆ ಬುಕ್ಕಲ್ಲಿ ನಾನು ಕುಡುಕ ಕಣ್ರೀ."

ಹಾಲೆಲ್ಲ ನಕ್ಕಿತು. ಪಾಸ್ಟರೂ ನಕ್ಕರು. ಅವನ ಉದ್ದಕ್ಕೆ ಕೈ ಎಟುಕದೆ ಶಾಲು ಒಂದು ಭುಜದ ಮೇಲಷ್ಟೇ ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆ ನೆನೆದರೆ ಈಗಲೂ ಎರಡು ಅಂಗೈಗಳನ್ನೂ ಎಲ್ಲಾದರೂ ಬಚ್ಚಿಡೋಣ ಅನ್ನಿಸುತ್ತದೆ.

ಅವರನ್ನು ಬಸ್ಸಿಗೆ ಬಿಡಲು ಹೋಗುವಾಗ ದಾರಿಯಲ್ಲಿ ಕೇಳಿದೆ: "ಆಸ್ಪತ್ರೇಲಿ ನಿಜವಾಗ್ಲೂ ಯಾರೂ ಇರ್ಲಿಲ್ಲ ಅಲ್ವಾ?" ಕೇಳಿದ ರೀತಿಯೇ ಹಾಗಿತ್ತು, ಅಲ್ಲ ಎನ್ನಲು ಜಾಗ ಬಿಡದಂತೆ.

"ನಾನಂತೂ ಇರ್ಲಿಲ್ಲಪ್ಪ," ಎಂದ ಕಂಡಕ್ಟರ್. "ಡ್ಯೂಟಿ ಇತ್ತು. ಅದೂ ಅಲ್ದೆ ಕಾಮಾಲೆ ಅಂದ್ರೆ ನಂಗೆ ಭಯ. ನನ್ ನಾಕು ಸಾಲು ನಿಜ ಬರ್ದಿದ್ದೀಯ. ಇವನದು ಇವನನ್ನೇ ಕೇಳು."

ಅಂಗಡಿಯವನು ಶಾಲನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡಿದ್ದ. "ನಂಗೂ ಸರ್ಯಾಗಿ ನೆಪ್ಪಿಲ್ಲ ಕಣೋ. ಬಿಡು ಅತ್ಲಾಗೆ," ಎಂದು ಬಸ್ಸು ಹತ್ತಿದ.

ಇಷ್ಟು ಸಾಕಿತ್ತು, ಬೇಕಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಕೆಲವು ವಾರ ತಪ್ಪಿಸಿಕೊಂಡೆ ಕೂಡ. ನೆನಪು ಎನ್ನುವುದು ಇದ್ದದ್ದನ್ನು ಇದ್ದ ಹಾಗೆ ಇಡುವ ಪೆಟ್ಟಿಗೆಯಲ್ಲ, ತೆಗೆದಾಗಲೆಲ್ಲ ಹೊಸದಾಗಿ ಕಟ್ಟುವ ಸಂಗತಿ ಎಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಅದನ್ನೇ ನನಗೂ ಹೇಳಿಕೊಂಡೆ. ಅವನು ಒಂದು ಗಂಟೆ ಬಂದು ಹೋಗಿದ್ದಿರಬಹುದು. ಈಗ ನಾನು ನಾಚುತ್ತಿರುವುದೂ ಇನ್ನೊಂದು ಸಾಕ್ಷಿಯೇ ಇರಬಹುದು. ಮೊದಲನೆಯದು ಸಪ್ಪೆಯಾಯಿತೆಂದು ಎರಡನೆಯದನ್ನು ಒಲೆಯ ಮೇಲಿಟ್ಟಿದ್ದೇನೋ ಏನೋ. ಹೀಗೆಲ್ಲ ಯೋಚಿಸಿದರೂ ಗೋಡೆಯ ಚಕ್ಕೆ ಎದುರಿಗೆ ಬರುತ್ತಿತ್ತು. ಗೋಡೆಯ ಕಡೆ ತಿರುಗಿ ಮಲಗಿದವನಿಗೆ ಬೆನ್ನ ಹಿಂದೆ ಯಾರಿದ್ದಾರೆಂದು ಹೇಗೆ ಗೊತ್ತಾಗಬೇಕು? ನಾನು ನೋಡಿರಲಿಲ್ಲ, ಅಷ್ಟೇ. ನೋಡಲಿಲ್ಲ ಎಂದು ಬರೆಯುವ ಬದಲು ಇರಲಿಲ್ಲ ಎಂದು ಬರೆದಿದ್ದೆ.

ಕೊನೆಗೆ, ಅಂಗಡಿಯವನು ಆಸ್ಪತ್ರೆಯಲ್ಲಿದ್ದನೇ ಎಂದು ಅಮ್ಮನನ್ನು ಕೇಳಿದೆ. ಆಗ ಅವಳು ಅಂಗನವಾಡಿಯಲ್ಲಿ ಅಡುಗೆ ಕೆಲಸದಲ್ಲಿದ್ದಳು. ಮೊದಲ ಬಸ್ಸಿಗೆ ತರೀಕೆರೆಗೆ ಬಂದು ನನಗೆ ತಿನ್ನಿಸಿ, ಕೆಲಸದ ಹೊತ್ತಿಗೆ ಅಜ್ಜಂಪುರಕ್ಕೆ ವಾಪಸಾಗುತ್ತಿದ್ದಳು.

"ಇದ್ನಲ್ಲೋ," ಎಂದಳು, ಅಕ್ಕಿ ಆರಿಸುತ್ತಾ. "ನೀನು ಮನೆಗೆ ಬರೋವರ್ಗೂ ಅಲ್ಲೇ ಇದ್ದ. ನಿನ್ ಮಂಚದ ಕೆಳಗೆ ಮಲಗ್ತಿದ್ದ. ಅಷ್ಟುದ್ದದ ಆಳು, ಕಾಲು ಹೊರಗೆ ಬಂದಿತ್ತು. ನಾನು ನೋಡ್ಲಿಲ್ಲ. ಎಡವಿ ಬಿದ್ದು ರಾಗಿ ಗಂಜಿ ಪೂರ್ತಿ ಅವನ ಪ್ಯಾಂಟಿನ ಮೇಲೆ. ಬಿಸಿ ಗಂಜಿ. ಪಾಪ, ಕೂಗ್ಲಿಲ್ಲ ಅವ್ನು, ನಿಂಗೆ ಎಚ್ಚರ ಆಯ್ತದೆ ಅಂತ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಬರ್ದಿದ್ದು ನಂಗೆ ಸಭೇಲಿ ಓದ್ದಾಗ್ಲೇ ತಿಳಿದಿದ್ದು. ಓದಿದೋನು, ಏನೋ ಕಾರಣ ಇಟ್ಕೊಂಡು ಬರ್ದಿರ್ತಾನೆ ಅಂದ್ಕೊಂಡೆ."

ಮರುದಿನ ಕಾಲೇಜು ಮುಗಿಸಿ ಅಂಗಡಿಗೆ ಹೋದೆ. ಪ್ರತಿಗಳು ಖರ್ಚಾಗಿ, ಪಾಸ್ಟರು ಎರಡನೆಯ ಸಲ ಅಚ್ಚು ಹಾಕಿಸಿ ಎಂದು ಹೇಳುತ್ತಿದ್ದರು. ಫೈಲು ಅವನ ಕಂಪ್ಯೂಟರಿನಲ್ಲೇ ಇತ್ತು. ಅವನು ಯಾರದೋ ಮದುವೆ ಕಾರ್ಡಿನಲ್ಲಿ ಮುಳುಗಿದ್ದ.

"ಆಸ್ಪತ್ರೆ ಸಾಲು ತಿದ್ಬೇಕು," ಎಂದೆ. "ಒಬ್ಬ ಸ್ನೇಹಿತ ಕೊನೇವರ್ಗೂ ಇದ್ದ ಅಂತ ಹಾಕು. ಮೂರನೇ ಅಧ್ಯಾಯದಲ್ಲಿ ದೂಷಿಸಿದವನು ನಾನೊಬ್ಬನೇ ಅಂತಾನೂ ಹಾಕು."

"ಅಂಗೆ ಹಾಕಿದ್ರೆ ನಿನ್ ಸಾಕ್ಷೀಲಿ ಏನೋ ಉಳೀತದೆ? ಜನ ಅಳೋದು ಅಲ್ಲೇ ಕಣೋ."

ಉಳಿಯುವುದು ಏನೆಂದು ಈಗಲೂ ಗೊತ್ತಿಲ್ಲ. ಅವನು ಕಾರ್ಡು ಪಕ್ಕಕ್ಕಿಟ್ಟು ಫೈಲು ತೆರೆದ, ಆ ಸಾಲು ಹುಡುಕಿ ಅಳಿಸಿದ. ಖಾಲಿ ಜಾಗದಲ್ಲಿ ಕರ್ಸರು ಮಿಣುಕುತ್ತಿತ್ತು. ಏನು ಬರೆಯಲಿ ಹೇಳು ಎನ್ನುವಂತೆ ಕೂತ. ಅಷ್ಟಾದರೂ ನನ್ನ ಓದು ನನ್ನನ್ನು ಬಿಡಲಿಲ್ಲ. ಅಮ್ಮನಿಗೂ ವಯಸ್ಸಾಗಿದೆ, ಅವಳೂ ಕಟ್ಟಿಕೊಂಡದ್ದಿರಬಹುದು ಅನ್ನಿಸಿತು. ಅವಳು ಹೇಳಿದ್ದನ್ನು ಪೂರ್ತಿ ಅವನಿಗೆ ತಿಳಿಸದೆ, ಏನೋ ಹರಟೆಯೆಂಬಂತೆ ಕೇಳಿದೆ:

"ಅಮ್ಮ ನಿನ್ ಕಾಲಿಗೆ ಎಡವಿ ಬಿದ್ಲಲ್ಲ, ಆವತ್ತು ಅವಳ ಕೈಯಲ್ಲಿ ಏನಿತ್ತೋ?"

ಅವನು ತಲೆ ಎತ್ತಲಿಲ್ಲ. "ರಾಗಿ ಗಂಜಿ," ಎಂದ.