ಬೆನ್ನಿಗೆ ಹುಕ್ಕಿಟ್ಟ ಆರು ಅಂಗಿಗಳು

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುತ್ತ ಹೋದಂತೆ ಇನ್ನೊಬ್ಬರ ಮೇಲೆ ನಿಮಗೆ ಅನುಮಾನ ಬರುವ ಹಾಗೆ ಬರೆಯುವ ಚಾಳಿ ನನಗಿದೆ.

ಇವತ್ತು ಬೆಳಿಗ್ಗೆ ಇಂಟರ್‌ವ್ಯೂಗೆಂದು ಕೋಟು ಇಸ್ತ್ರಿ ಮಾಡುತ್ತಿದ್ದೆ. ಒದ್ದೆ ಬಟ್ಟೆ ಹಾಸಿ ಒತ್ತಿದಾಗ ಬಿಸಿ ಉಣ್ಣೆಯ ವಾಸನೆ ಎದ್ದಿತು. ವಾಸನೆಯಿಂದ ಬೇರೆಯವರಿಗೆ ಅಜ್ಜಿಯ ಅಡುಗೆಮನೆ ನೆನಪಾಗುತ್ತದಂತೆ. ನನಗೆ ನೆನಪಾದದ್ದು ವಾಲ್ನಟ್ ಕ್ರೀಕಿನ ಒಂದು ನಾಟಕಮಂದಿರದಲ್ಲಿ ಸಾಲಾಗಿ ನಿಂತಿದ್ದ ಆರು ಮಂದಿ ಹುಡುಗರು.

ಶಮೀಮ್ ಆಂಟಿ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯವರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಇಪ್ಪತ್ತು ವರ್ಷ ಸಲ್ವಾರ್ ಕಮೀಜು ಹೊಲಿದ ಕೈ ಅವರದು. ಹೋದ ವರ್ಷ ಅವರ ಯಜಮಾನರ ಡಾಟ್‌ಕಾಮ್ ಕಂಪನಿ ಒಂದು ಶುಕ್ರವಾರ ಬಾಗಿಲು ಹಾಕಿತು. ನನ್ನ ಕಂಪನಿ ಒಂದು ವಾರ ಮೊದಲೇ ಹಾಕಿತ್ತು; ಆ ಒಂದು ವಿಷಯದಲ್ಲಿ ನಾನು ಅಂಕಲ್ಲಿಗಿಂತ ಸೀನಿಯರ್. ಅಂಕಲ್ ಸೋಫಾ ಹಿಡಿದರು. ಆಂಟಿ ಹೊಲಿಗೆ ಮಿಷಿನ್ನಿನ ಮುಸುಕು ತೆಗೆದರು. ಹಳೆಯ ಇಂಗ್ಲೆಂಡಿನ ಕಥೆಯೊಂದನ್ನು ಮಕ್ಕಳಿಂದ ಆಡಿಸುತ್ತಿದ್ದ ಒಂದು ನಾಟಕ ತಂಡ ಅವರಿಗೆ ಆರು ಉಡುಪು ಹೊಲಿಯಲು ಕೊಟ್ಟಿತು. ಇವು ಚೆನ್ನಾಗಿ ಬಂದರೆ ಉಡುಪಿನ ಕೋಣೆಯಲ್ಲಿ ಕಾಯಂ ಕೆಲಸ ಎಂದೂ ಹೇಳಿತು.

ಆಂಟಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ; ಫೋನು, ಫ್ಯಾಕ್ಸು, ಫ್ರೀವೇಯಲ್ಲಿ ಕಾರು ಓಡಿಸುವುದು ಮೂರೂ ನನ್ನ ಖಾತೆ. ಉಡುಪಿನ ಕೋಣೆಯ ಮೇಡಂ ಇಂಗ್ಲೆಂಡಿನಲ್ಲೇ ಹುಟ್ಟಿದವರು, ತುಟಿ ಅಲುಗಿಸದೆ ಮಾತಾಡುವವರು. ಎರಡನೇ ಫೋನಿನ ಹೊತ್ತಿಗೆ ನಾನೂ ಹಾಗೆಯೇ ಮಾತಾಡುವುದನ್ನು ಕಲಿತಿದ್ದೆ. ಕಲಿತದ್ದು ಧ್ವನಿಯನ್ನು ಮಾತ್ರ. ಮೇಡಂ ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳಲು ಮರೆತಿದ್ದೆ.

ಫ್ಯಾಕ್ಸಿನಲ್ಲಿ ಮಸುಕು ಮಸುಕಾದ ಚಿತ್ರ ಬಂತು. ಮೊಣಕಾಲಿನ ತನಕ ನೆರಿಗೆ ಲಂಗ, ನಡುವಿಗೆ ಬೆಲ್ಟು, ಕೊರಳಿಗೆ ಲೇಸು, ಕೆಳಗೊಂದು ಪ್ಯಾಂಟು.

"ಇದು ಹುಡುಗಂದೋ, ಹುಡುಗೀದೋ?" ಆಂಟಿ ಕನ್ನಡಕ ಏರಿಸಿದರು. "ಕೆಳಗೆ ಪ್ಯಾಂಟು ಬೇರೆ ಇದೆಯಲ್ಲೋ."

"ಹುಡುಗೀದೇ ಆಂಟಿ. ಇಂಗ್ಲೆಂಡು ಚಳಿ ದೇಶ ಅಲ್ವಾ? ನಿಮ್ಮ ಸಲ್ವಾರ್ ಕಮೀಜನ್ನೇ ಕದ್ದಿದಾರೆ ಕಳ್ಳರು."

"ಫೋನ್ ಮಾಡಿ ಒಂದ್ಸಲ ಕೇಳೋ."

"ಕೇಳೋದೇನಿದೆ? ಲಂಗ ಕಾಣಿಸ್ತಾ ಇಲ್ವಾ?"

ಇಪ್ಪತ್ತು ವರ್ಷ ಕಮೀಜು ಹೊಲಿದವರಿಗೆ ಆ ಮಾತು ಸರಿಯೆನಿಸಿತು. ಹುಡುಗಿಯರ ಕಮೀಜಿಗೆ ಮಾಡುವಂತೆ ಎದೆಗೆ ಮಡಿಚಿ ಟಕ್ಸು ಹಿಡಿದರು, ಬೆನ್ನಿಗೆ ಹುಕ್ಕಿಟ್ಟರು. ಆರು ನೀಲಿ ಉಣ್ಣೆಯ ಅಂಗಿಗಳು ಎಷ್ಟು ಚೆಂದ ಬಂದವೆಂದರೆ ಅಂಕಲ್ ಸೋಫಾ ಬಿಟ್ಟು ಎದ್ದು ಬಂದು ನೋಡಿದರು.

ನಾಟಕಮಂದಿರದಲ್ಲಿ ಮೇಡಂ ಚಪ್ಪಾಳೆ ತಟ್ಟಿದರು. ಆರು ಹುಡುಗರು ಬಂದು ನಿಂತರು. ಒಬ್ಬನಿಗೆ ಮುಂದಿನ ಎರಡು ಹಲ್ಲಿಲ್ಲ, ಇನ್ನೊಬ್ಬನ ಕೈಯಲ್ಲಿ ಬೇಸ್‌ಬಾಲು. "ಹುಡುಗಿಯರು ಎಲ್ಲಿ ಮೇಡಂ?" ಎಂದು ಕೇಳಿದೆ, ಅವರದೇ ಧ್ವನಿಯಲ್ಲಿ. ಮೇಡಂ ಒಂದು ಅಂಗಿ ಎತ್ತಿ ಹಿಂದುಮುಂದು ತಿರುಗಿಸಿದರು. ಆಂಟಿ ಹುಡುಗರನ್ನೊಮ್ಮೆ, ಬೆನ್ನಿನ ಹುಕ್ಕುಗಳನ್ನೊಮ್ಮೆ ನೋಡಿದರು.

ಮೇಡಂ ಮರದ ಪೆಟ್ಟಿಗೆಯಿಂದ ಹಳೆಯ ಫೋಟೋಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಒಂದು ಕಾಲದ ಇಂಗ್ಲೆಂಡಿನಲ್ಲಿ ಗಂಡುಮಗು ಐದಾರು ವರ್ಷದವರೆಗೂ ಅಕ್ಕನ ಹಾಗೆ ಫ್ರಾಕಿನಲ್ಲೇ ಇರುತ್ತಿತ್ತಂತೆ. ಆಮೇಲೆ ಒಂದು ದಿನ ಮನೆಮಂದಿಯೆಲ್ಲ ಸೇರಿ ಸಂಭ್ರಮದಿಂದ ಅವನ ಕಾಲಿಗೆ ಪ್ಯಾಂಟು ಏರಿಸುತ್ತಿದ್ದರಂತೆ. ಫ್ರಾಕನ್ನು ಪೂರ್ತಿ ಬಿಡದೆ, ಪ್ಯಾಂಟನ್ನು ಪೂರ್ತಿ ಒಪ್ಪದೆ ತಾಯಂದಿರು ಕಂಡುಕೊಂಡ ಉಪಾಯವೇ ಈ ಟ್ಯೂನಿಕ್ಕು. ಎದೆಗೆ ಗುಂಡಿ, ನಡುವಿಗೆ ಬೆಲ್ಟು, ಕೆಳಗೆ ನೆರಿಗೆ. ಮೊಮ್ಮಕ್ಕಳ ಕಾಲಕ್ಕೆ ನೆರಿಗೆ ಗಿಡ್ಡವಾಯಿತು, ಬೆಲ್ಟು ಸೊಂಟದಿಂದ ಕೆಳಗಿಳಿಯಿತು, ಪ್ಯಾಂಟು ಚಡ್ಡಿಯಾಯಿತು.

ನಮ್ಮ ಮುತ್ತಜ್ಜಂದಿರ ಕೈಲಿ ಸಲಾಮು ಹೊಡೆಸಿಕೊಂಡ ಮೀಸೆ ದೊರೆಗಳು, ಕುದುರೆ ಮೇಲೆ ಕೂತು ಚಾಟಿ ಬೀಸಿದವರು, ಅದಕ್ಕೂ ಮೊದಲು ಲೇಸಿನ ಕಾಲರು, ನೆರಿಗೆ ಲಂಗದಲ್ಲಿ ಕುಣಿದಿದ್ದರೇ? ಈ ಸಂಗತಿಯನ್ನು ಶಾಲೆಯಲ್ಲಿ ಯಾರೂ ಹೇಳಲಿಲ್ಲವಲ್ಲ! ನಗಬೇಕೆಂದುಕೊಂಡೆ. ಅಷ್ಟರಲ್ಲಿ ಮೈಸೂರಿನ ಮನೆಯ ಆಲ್ಬಮ್ಮು ಕಣ್ಣ ಮುಂದೆ ಬಂತು. ನಾಲ್ಕು ವರ್ಷದ ನನಗೆ ಜರಿಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿ, ಹಿಂದೆ ಕನ್ನಡಿ ನಿಲ್ಲಿಸಿ ಅಮ್ಮ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಆ ಫೋಟೋ ಈಗ ಎಲ್ಲಿದೆ ಎಂದು ಕೇಳಬೇಡಿ.

"ಹುಡುಗಿಯರದ್ದು ಎಂದು ಹೇಳಿದವರು ಯಾರು?" ಮೇಡಂ ಕೇಳಿದರು.

‘ನಾನು’ ಎನ್ನುವ ಒಂದೇ ಮಾತು ಸಾಕಿತ್ತು. ಊರಿನವರ ಧ್ವನಿಯೆಲ್ಲ ತೆಗೆಯುವ ಈ ಗಂಟಲಿನಿಂದ ನನ್ನ ಸ್ವಂತ ಧ್ವನಿ ಮಾತ್ರ ಹೊರಡಲಿಲ್ಲ. ಮೇಡಂ ಅವರ ಇಂಗ್ಲಿಷಿನಲ್ಲೇ, "ಟೈಲರಿಗೆ ಚಿತ್ರ ಅರ್ಥವಾಗಲಿಲ್ಲ ಅಂತ ಕಾಣುತ್ತದೆ" ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ದಿಗಿಲಾಯಿತು. ಆಂಟಿಗೆ ಅಷ್ಟು ಇಂಗ್ಲಿಷ್ ತಿಳಿಯುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಆಂಟಿ ನನ್ನ ಕಡೆ ನೋಡಲಿಲ್ಲ. ಎರಡು ಬೆರಳೆತ್ತಿ ಮೇಡಂಗೆ ಹೇಳಿದರು, "ಟೂ ಡೇಸ್."

ಎರಡು ದಿನ ಅವರು ಮಿಷಿನ್ನು ಬಿಟ್ಟು ಏಳಲಿಲ್ಲ. ಬೆನ್ನು ಮುಚ್ಚಿದರು, ಉಳಿದ ಬಟ್ಟೆಯಲ್ಲಿ ಹೊಸ ಎದೆಭಾಗ ಕತ್ತರಿಸಿದರು, ಕಾಜಾ ಮಾಡಿ ಗುಂಡಿ ಕೂರಿಸಿದರು. ಬಿಚ್ಚಿದ ಹೊಲಿಗೆಯ ಗುರುತು ಹೋಗುವಂತೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತುವುದು ನನ್ನ ಪಾಲಿನ ಕೆಲಸ. "ಇನ್ನೂ ಸ್ವಲ್ಪ ಒತ್ತು" ಎನ್ನುವುದನ್ನು ಬಿಟ್ಟರೆ ಆಂಟಿ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ಆರು ಹುಡುಗರೂ ಟ್ಯೂನಿಕ್ಕು ತೊಟ್ಟು ಗಿರಗಿರ ತಿರುಗಿದರು. ಮೇಡಂ ಪ್ರತಿ ಗುಂಡಿಯನ್ನೂ ಮುಟ್ಟಿ ನೋಡಿ, ಸೋಮವಾರದಿಂದ ಬರಲು ಹೇಳಿದರು.

ಅದಾಗಿ ವರ್ಷವಾಯಿತು. ಆಂಟಿ ದಿನಾ ರೈಲು ಹಿಡಿದು ಕೆಲಸಕ್ಕೆ ಹೋಗುತ್ತಾರೆ. ನಾನಿನ್ನೂ ಇಂಟರ್‌ವ್ಯೂಗೆ ಹೋಗುತ್ತಿದ್ದೇನೆ. ಇವತ್ತು ಆ ವಾಸನೆ ತಡೆಯಲಾಗದೆ ಇಸ್ತ್ರಿ ಆರಿಸಿ ಕೆಳಗೋಡಿದೆ. ಆಂಟಿ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಯಾರ ಧ್ವನಿಯನ್ನೂ ಸಾಲ ತರದೆ ಹೇಳಿದೆ:

"ಆಂಟಿ, ಅವತ್ತು ಮೇಡಂ ಹತ್ರ ನಿಮ್ಮ ಹೆಸರು ಹೇಳಿಬಿಟ್ಟೆ. ತಪ್ಪಾಯ್ತು."

"ಅವತ್ತೇ ಗೊತ್ತಾಯ್ತು. ಮೇಡಂಗೂ ಗೊತ್ತಾಯ್ತು." ಬೀಗ ಒಮ್ಮೆ ಎಳೆದು ನೋಡಿದರು. ದುಪಟ್ಟಾ ಸರಿಮಾಡಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳತೆ ತೆಗೆಯುವವರಂತೆ ನೋಡಿದರು.

"ಆ ಇಂಗ್ಲಿಷ್ ಹುಡುಗ್ರು ಆರನೇ ವರ್ಷಕ್ಕೇ ಅಮ್ಮನ ಸೆರಗು ಬಿಟ್ಟು ಪ್ಯಾಂಟಿಗೆ ಬರ್ತಿದ್ರಂತೆ ಕಣೋ. ನಿಂಗೆ ಇಪ್ಪತ್ತಾರು. ಪ್ಯಾಂಟು ಹಾಕ್ಕೊಂಡೂ ಆಂಟಿ ದುಪಟ್ಟಾ ಹಿಂದೆ ಬಚ್ಚಿಟ್ಕೊಂಡ್ಯಲ್ಲ!"