ಎರಡೂ ಕಡೆ ಮಸೆದ ಅಲಗು

...ಅಥವಾ ಮೌನೇಶಣ್ಣ ಅವತ್ತು ನಗಲೇ ಇಲ್ಲವೇ? ಈ ಕಥೆಯನ್ನು ಹತ್ತಾರು ಸಲ ಹೇಳಿದ್ದೇನೆ. ಪ್ರತಿ ಸಲವೂ ಕೊನೆಗೆ ಅವನು ನಗುತ್ತಾನೆ, ಕೇಳಿದವರೂ ನಗುತ್ತಾರೆ. ಕಳೆದ ಶನಿವಾರದಿಂದ ಆ ನಗೆಯ ಮೇಲೆ ನನಗೇ ನಂಬಿಕೆ ಹೋಗಿದೆ.

ವೈಟ್‌ಫೀಲ್ಡಿನಲ್ಲಿ ಈಗ ಮರಗೆಲಸದ ವೀಕೆಂಡ್ ವರ್ಕ್‌ಶಾಪ್ ನಡೆಯುತ್ತದೆ. ವಾರವಿಡೀ ಕೀಬೋರ್ಡ್ ಕುಟ್ಟಿದವರು ಶನಿವಾರ ಏಪ್ರನ್ ಕಟ್ಟಿಕೊಂಡು ಉಳಿ ಮಸೆಯುತ್ತಾರೆ. (ನಾನೂ ಕಟ್ಟಿಕೊಂಡಿದ್ದೆ. ಫೋಟೋ ಕೂಡ ಇದೆ.) ಕಲಿಸುವ ಹುಡುಗಿ ಮೊದಲು ಹೇಳಿದ್ದೇ ಇದು: "ಸರ್, ಅಲಗಿಗೆ ಇಳಿಜಾರು ಒಂದೇ ಕಡೆ. ಹಿಂಬದಿ ಗಾಜಿನ ಥರ ಫ್ಲ್ಯಾಟ್ ಇರ್ಬೇಕು. ಅದನ್ನ ಕೆಡಿಸಿದ್ರೆ ಸರಿ ಮಾಡೋಕೆ ಅರ್ಧ ದಿನ ಹೋಗುತ್ತೆ."

"ಕೆಟ್ಟಿದ್ರಲ್ಲೇ ಕೆಲಸ ಮಾಡಿದ್ರೆ?"

"ಹಲಗೆ ನುಣುಪು ಮಾಡೋ ತೋಪಡದಲ್ಲಾದ್ರೆ ಸಿಪ್ಪೆ ಒಳಗೇ ಸಿಕ್ಕಾಕೊಳ್ಳುತ್ತೆ, ಮರ ಕಿತ್ಕೊಂಡು ಬರುತ್ತೆ. ಯಾಕ್ ಸರ್, ಆಗ್ಲೇ ಕೆಡಿಸಿದ್ರಾ?"

ಅದರ ಉತ್ತರ ನಿಮಗೆ ಕೊಡುತ್ತೇನೆ.

ಎರಡು ಸಾವಿರದ ಐದನೇ ಇಸವಿಯ ಆಚೀಚಿನ ಕೆಲವು ವರ್ಷ ನಾನು ಪಟ್ಟಂದೂರು ಅಗ್ರಹಾರದ ಒಂದು ವಠಾರದಲ್ಲಿದ್ದೆ. ಪಕ್ಕದ ರೂಮಿನಲ್ಲಿ ಮೌನೇಶಣ್ಣ, ಸುರಪುರದ ಕಡೆಯ ಬಡಿಗ. ನಲವತ್ತು ದಾಟಿತ್ತು. ಹಗಲೆಲ್ಲ ಅಪಾರ್ಟ್‌ಮೆಂಟುಗಳಲ್ಲಿ ಪ್ಲೈವುಡ್ಡಿಗೆ ಲ್ಯಾಮಿನೇಟ್ ಅಂಟಿಸುವ ಕೆಲಸ. ಅದಕ್ಕೆ ಉಳಿ ಬೇಡ, ತೋಪಡವೂ ಬೇಡ. ಗೋಂದು ಸಾಕು. ಆದರೂ ಪ್ರತಿ ಭಾನುವಾರ ಸಂಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಲ್ಲಿಗೆ ನೀರು ಚಿಮುಕಿಸಿ, ಉಳಿಗಳನ್ನೂ ತೋಪಡದ ಅಲಗನ್ನೂ ಮಸೆಯುತ್ತಿದ್ದ. ಮುಗಿದ ಮೇಲೆ ಎಡಗೈ ಕೂದಲ ಮೇಲೆ ಆಡಿಸಿ ಹರಿತ ನೋಡುತ್ತಿದ್ದ. ಅಲ್ಲೊಂದು ಬೋಳು ಪಟ್ಟಿಯೇ ಇತ್ತು.

"ಇದೆಲ್ಲ ಯಾವ ಮರಕ್ಕೆ ಮೌನೇಶಣ್ಣ?"

"ಮರಕ್ಕಲ್ರಿ ಸರ. ಕೈ ಮರೀಬಾರ್ದಂತ."

ಆ ಮಸೆಯುವ ಸದ್ದು ನನ್ನ ಭಾನುವಾರಗಳ ಸದ್ದು. ಈಗಲೂ ಯಾರೋ ಅಂಗಳ ತೊಳೆಯುವಾಗ ಪೊರಕೆ ಒಂದೇ ಲಯದಲ್ಲಿ ಆಡಿದರೆ ಅರೆಕ್ಷಣ ಅಲ್ಲಿರುತ್ತೇನೆ. (ಸದ್ದು ನಿಜಕ್ಕೂ ಹಾಗೇ ಇತ್ತೇ? ಕೇಳಬೇಡಿ.)

ಆಮೇಲೆ ಜಿಗಣಿಯ ಸುದ್ದಿ ಬಂತು. ಅಲ್ಲಿನ ಒಂದು ಫ್ಯಾಕ್ಟರಿಗೆ ತೇಗದ ಬಾಗಿಲುಗಳನ್ನು ಕೈಯಲ್ಲೇ ಮಾಡುವವರು ಬೇಕಾಗಿದ್ದರು. ಪರ್ಮನೆಂಟ್ ಕೆಲಸ. ಸೋಮವಾರ ಟೆಸ್ಟು: ತನ್ನದೇ ತೋಪಡದಲ್ಲಿ ಒಂದು ಹಲಗೆ ನುಣುಪು ಮಾಡಿ ತೋರಿಸಬೇಕು.

"ಗೋಂದು ಹಚ್ಚಿ ಹಚ್ಚಿ ಸಾಕಾಗೇತ್ರಿ ಸರ. ಇದೊಂದು ಸಿಕ್ರ ಮತ್ತ ಬಡಿಗ ಆಗ್ತೀನಿ."

ತೊಂದರೆ ಒಂದೇ. ಹಿಂದಿನ ದಿನ ಭಾನುವಾರ ಅಮಾವಾಸ್ಯೆ. ಅವನ ಕಡೆಯ ಬಡಿಗರು ಅಮಾವಾಸ್ಯೆಗೆ ಉಳಿ-ತೋಪಡದಂಥ ಹತಾರ ಮುಟ್ಟುವುದಿಲ್ಲ. ತೊಳೆದು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಇಟ್ಟುಬಿಡುತ್ತಾರೆ. ಸೋಮವಾರ ನಸುಕಿನಲ್ಲೇ ಎದ್ದು ಮಸೆಯುತ್ತೇನೆ ಅಂದ.

"ನಾನ್ ಮಸೆದು ಕೊಡ್ತೀನಿ ಬಿಡಿ. ನನಗ್ಯಾವ ಅಮಾವಾಸ್ಯೆ?"

"ಬ್ಯಾಡ್ರಿ ಸರ! ಮೌಸ್ ಹಿಡಿಯೋ ಕೈ ಅದು."

(ಕಥೆ ಹೇಳುವಾಗ ಅವನೇ ಕೇಳಿಕೊಂಡ ಅನ್ನುತ್ತೇನೆ. ಕೇಳಲಿಲ್ಲ. ಬೇಡ ಅಂದಿದ್ದ.)

ಭಾನುವಾರ ಅವನು ಗುಡಿಗೆ ಹೋದಾಗ ರೂಮಿನ ಬಾಗಿಲು ತೆರೆದೇ ಇತ್ತು. ತೋಪಡದಿಂದ ಅಲಗು ಬಿಚ್ಚಿದೆ. ಪಾಪ, ಟೆಸ್ಟಿನ ದಿನವಾದರೂ ನಸುಕಿನಲ್ಲಿ ಏಳದೆ ಮಲಗಲಿ ಅಂತ. ಅಷ್ಟೇನಾ? ನನ್ನ ಕೈಗೂ ಇದು ಬರುತ್ತದೆ ಅಂತ ತೋರಿಸುವ ಚಪಲ ಇರಲಿಲ್ಲವೇ? ಇತ್ತು. ಒಂದು ಗಂಟೆ ಮಸೆದೆ. ಅಡುಗೆಮನೆ ಚಾಕು ಮಸೆಯುವ ಹಾಗೆ ಈ ಕಡೆ ಹತ್ತು, ಆ ಕಡೆ ಹತ್ತು. ಪೇಪರ್ ಸರ್ರನೆ ಹರಿಯಿತು. ಹಾಗೇ ಜೋಡಿಸಿಟ್ಟು, ಸರ್‌ಪ್ರೈಸ್ ಅಂತ ಸುಮ್ಮನಾದೆ.

ಸೋಮವಾರ ಬೆಳಿಗ್ಗೆ ಐದೂವರೆಗೆ ಸಂಪಿನ ಕಡೆಯಿಂದ ಸದ್ದು. ಎಂದಿನದಲ್ಲ, ಒರಟು, ಅವಸರದ ಸದ್ದು. ಕಾಫಿ ಹಿಡಿದು ಹೋದೆ.

"ಎರಡೂ ಕಡೆ ಮಸದೀರೇನ್ರಿ ಸರ?"

"ಹೂಂ! ಹೆಂಗಿದೆ?"

"ಇದು ಉಳ್ಳಾಗಡ್ಡಿ ಹೆಚ್ಚೋದಲ್ರಿ."

ನಾನು ಜೋರಾಗಿ ನಕ್ಕೆ. ಅದು ನಿಜ, ನೆನಪಿದೆ. ಅವನು? ತಲೆ ಬಗ್ಗಿಸಿ ಅಲಗಿನ ಹಿಂಬದಿಯನ್ನು ಕಲ್ಲಿಗೆ ಒತ್ತಿ ತಿಕ್ಕುತ್ತಿದ್ದ. ಮುಖ ಕಾಣುತ್ತಿರಲಿಲ್ಲ. ಕಾಣದ ಮುಖಕ್ಕೆ ನಗೆ ಅಂಟಿಸಿದವನು ನಾನೇ ಇರಬೇಕು.

"ಆಯ್ತಾ?"

"ಆಗೂದಿಲ್ರಿ. ಬಸ್ಸಿಗೆ ಹೊತ್ತಾತು."

ಕಾಫಿ ಮುಟ್ಟಲಿಲ್ಲ. ಒದ್ದೆ ಅಲಗನ್ನು ಲುಂಗಿಗೆ ಒರೆಸಿ, ಒಳಗೆ ಹೋಗಿ ಪ್ಯಾಂಟು ಹಾಕಿಕೊಂಡು ಬಂದು, ಚೀಲ ಹೆಗಲಿಗೇರಿಸಿ ನಡೆದ. ಬಯ್ಯಲಿಲ್ಲ. ಬೈದಿದ್ದರೆ ಅವತ್ತೇ ನನಗೆ ಅರ್ಥವಾಗುತ್ತಿತ್ತೇನೋ.

ಅದೇ ದಿನ ಮಧ್ಯಾಹ್ನ ಆಫೀಸಿನವರು ನನ್ನನ್ನು ಎರಡು ವಾರಕ್ಕೆ ಪುಣೆಗೆ ಕಳಿಸಿದರು. ವಾಪಸ್ ಬಂದಾಗ ಪಕ್ಕದ ರೂಮಿಗೆ ಬೇರೆ ಬೀಗ.

"ಖಾಲಿ ಮಾಡ್ಕೊಂಡು ಹೋದ ಸಾರ್," ಅಂದರು ಓನರ್ ಅಕ್ಕ. "ಜಿಗಣಿಗೆ ಅಂದ್ನೋ, ಊರಿಗೆ ಅಂದ್ನೋ. ನೀರು ಬಂದಿತ್ತು, ನಾನು ಸರಿಯಾಗಿ ಕೇಳಿಸ್ಕೊಳ್ಲಿಲ್ಲ."

ಎರಡು ಹೆಸರು. ನಾನು ಜಿಗಣಿಯನ್ನು ಆರಿಸಿಕೊಂಡೆ. ಅದರ ಮೇಲೊಂದು ತಮಾಷೆಯ ಕಥೆ ಕಟ್ಟಿಕೊಂಡೆ. ನಾವೆಲ್ಲ ಹೀಗೇ ಅಲ್ಲವೇ, ಮಾಡಿದ ಉಪಕಾರದ ರಿಸಲ್ಟ್ ನೋಡಲು ಹೋಗುವುದೇ ಇಲ್ಲ?

ಅವನ ನಂಬರ್ ನನ್ನ ಮೊಬೈಲಿನಲ್ಲಿತ್ತು. ಒಂದು ಕಾಲ್ ಸಾಕಿತ್ತು. ಮಾಡಲಿಲ್ಲ. ಬಿಜಿ ಇದ್ದೆ ಅನ್ನಬಹುದು, ಆದರೆ ಇರಲಿಲ್ಲ. ಆ ಮೊಬೈಲೂ ಎಲ್ಲೋ ಹೋಯಿತು.

ಆ ಸೋಮವಾರ ತೇಗದ ಹಲಗೆ ನುಣುಪಾಯಿತೋ, ಕಿತ್ತು ಬಂತೋ, ಮೌನೇಶಣ್ಣನಿಗೆ ಕೆಲಸ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ.