ಕಚ್ಚಿನಲ್ಲಿ ಕುಂಕುಮ

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಂಗಡಿಗೆ ಹೋದದ್ದು ಯಾವ ವಾರ, ಅಪ್ಪ ಯಾವ ಅಂಗಿ ಹಾಕಿದ್ದರು ಎಂದು ಕೇಳಿದರೆ ಹೇಳಲಾರೆ. ಕುಂಕುಮದ ವಿಷಯದಲ್ಲಿ ಮಾತ್ರ ನನಗೆ ಎರಡು ನೆನಪುಗಳಿವೆ. ಅವುಗಳಲ್ಲಿ ಒಂದು ಸುಳ್ಳು.

ಕೆಂಚಾರ್ಲಹಳ್ಳಿಯ ನಮ್ಮ ಮನೆಯಲ್ಲಿ ತಾತನ ಕಾಲದ ತುಪಾಕಿ ಇತ್ತು. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬುವಂಥದ್ದು. ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳಿಗಾಗಿ ಲೈಸೆನ್ಸ್ ಕೊಟ್ಟಿದ್ದರು. ಅದರ ಕುದುರೆ, ಅಂದರೆ ಮೇಲಿಂದ ಬಡಿಯುವ ಸುತ್ತಿಗೆ, ಒಂದೋ ಪೂರ್ತಿ ಹಿಂದಕ್ಕೆ ನಿಲ್ಲುತ್ತಿತ್ತು, ಇಲ್ಲ ಪೂರ್ತಿ ಕೆಳಗಿರುತ್ತಿತ್ತು. ಹಾಗಾಗಿ ಅಪ್ಪ ಹೊಲ ಮುಟ್ಟುವವರೆಗೆ ಮದ್ದು ತುಂಬುತ್ತಿರಲಿಲ್ಲ. ಕುದುರೆ ನಡುವೆ ಭದ್ರವಾಗಿ ನಿಲ್ಲುವಂತೆ ಇನ್ನೊಂದು ಕಚ್ಚು ಹಾಕಿಸಿ ಎಂದು ಹಟ ಹಿಡಿದವಳು ನಾನು. ಎಂ.ಎ. ಮುಗಿಸಿ ಬಂದಿದ್ದೆ, ನನ್ನ ಮಾತಿಗೆ ಮನೆಯಲ್ಲಿ ಬೆಲೆ ಇತ್ತು.

ಚಿಂತಾಮಣಿಯಲ್ಲಿ ಬಂದೂಕು ರಿಪೇರಿ ಮಾಡುವ ವಯಸ್ಸಾದ ಸಾಬರೊಬ್ಬರಿದ್ದರು. ಕುದುರೆಯ ಒಳಗಿನ ಬಿಲ್ಲೆಯನ್ನು ಅರದಿಂದ ಉಜ್ಜಿ ಕಚ್ಚು ಕೊರೆದರು. ಅಕ್ಕಿಕಾಳಿನಷ್ಟು ಜಾಗ.

"ಇದ್ರಲ್ಲಿ ಕೂತಾಗ ಟಕ್ ಅಂತದೆ, ಯಜಮಾನ್ರೇ. ಆ ಸದ್ದು ಬರ್ಲಿಲ್ಲ ಅಂದ್ರೆ ಮದ್ದು ತುಂಬ್ಬೇಡಿ" ಎಂದು ಮೂರು ಸಲ ಆ ಸದ್ದು ಕೇಳಿಸಿದರು.

"ಮನೇಲಿ ಹೆಂಡ್ತಿ ಕೂಗಿದ್ದೇ ಕೇಳ್ಸಲ್ಲ, ಈ ಟಕ್ ಎಲ್ಲಿ ಕೇಳ್ಸ್ತದೆ ಸಾಬ್ರೇ" ಅಂದರು ಅಪ್ಪ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಆಮೇಲೆ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ರಿಪೇರಿಯಾದ ವಸ್ತುವಿಗೆ ಕುಂಕುಮ ಇಟ್ಟರೆ ಸಾಲದು, ರಿಪೇರಿಯಾದ ಜಾಗಕ್ಕೇ ಇಡಬೇಕು. ಪಂಪಿನ ಮೋಟಾರನ್ನೂ ಬಿಚ್ಚಿ ಹೊಸ ತಂತಿಗೆ ಇಟ್ಟದ್ದುಂಟು. ಚಿಕ್ಕಪ್ಪ ತುಪಾಕಿಯ ಪಕ್ಕದ ತಗಡು ಬಿಚ್ಚಿದರು. "ಹೊಸ ಕೆಲಸ ಎಲ್ಲಾಗೈತೋ ಅಲ್ಲಿಗೇ ಇಡ್ಬೇಕು ಕಣಮ್ಮ" ಅಂದರು. ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ನನ್ನ ಕೈಯಲ್ಲಿತ್ತು. ಒಂದು ನೆನಪಿನಲ್ಲಿ ನನ್ನ ಉಂಗುರ ಬೆರಳು ಆ ಕಚ್ಚನ್ನು ಒತ್ತುತ್ತದೆ, ಕಬ್ಬಿಣ ತಣ್ಣಗಿದೆ. ಇನ್ನೊಂದರಲ್ಲಿ ಚಿಕ್ಕಪ್ಪನ ಬೆರಳು ಬಟ್ಟಲಿಗೆ ಬರುತ್ತದೆ, ನಾನು ಬರೀ ನೋಡುತ್ತೇನೆ. ಎರಡೂ ಅಷ್ಟೇ ಸ್ಪಷ್ಟ. ತಗಡು ಮುಚ್ಚಿ ಮಂಗಳಾರತಿ ಮಾಡಿದೆವು.

ಒಂದು ವಾರದ ಮೇಲೆ ಅಪ್ಪ ಮನೆಯಂಗಳದಲ್ಲೇ ಮದ್ದು ತುಂಬಿದರು. ಈಗ ಕಚ್ಚಿದೆಯಲ್ಲ ಎಂಬ ಧೈರ್ಯ. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಚಿಕ್ಕಪ್ಪನ ಜೊತೆ ಹೊರಟರು. ಬದು ಇಳಿಯುವಾಗ ಕಾಲು ಜಾರಿತಂತೆ. ಕುದುರೆ ಕಚ್ಚಿನಿಂದ ಜಾರಿ ಬಡಿದು, ಗುಂಡು ತೊಡೆಗೆ ಬಿತ್ತು. ಚಿಂತಾಮಣಿ ಮುಟ್ಟುವಷ್ಟರಲ್ಲಿ ಅಪ್ಪನ ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ.

ಸಾಬರು ಕಚ್ಚನ್ನು ಸರಿಯಾಗಿ ಕೊರೆದಿಲ್ಲ ಎಂದು ಚಿಕ್ಕಪ್ಪ ದೂರು ಬರೆಸಿದರು. ಅವರ ಅಂಗಡಿಗೆ ಬೀಗ ಬಿತ್ತು, ಕೇಸಾಯಿತು. ಈಗ ಅವರು ರಸ್ತೆ ಬದಿ ಛತ್ರಿ ಕೆಳಗೆ ಕೂತು ಬೀಗದ ಕೈ ಮಾಡಿಕೊಡುತ್ತಾರೆ. ಒಮ್ಮೆ ನನ್ನನ್ನು ಗುರುತು ಹಿಡಿದು, "ನೀನೂ ಇದ್ದೆಯಲ್ಲ ಬೇಟಿ, ಟಕ್ ಅಂದಿದ್ದು ಕೇಳಿಸ್ತಲ್ಲ?" ಎಂದು ಕೇಳಿದರು. ಕೇಳಿಸಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಿಟ್ಟೆ.

ಈ ತಿಂಗಳು, ಪೊಲೀಸರು ತುಪಾಕಿ ಬಿಚ್ಚಿ ನೋಡಿ ಬರೆದ ಮಹಜರಿನ ನಕಲು ಕೈಗೆ ಸಿಕ್ಕಿತು. 'ಕಚ್ಚಿನೊಳಗೆ ಗಟ್ಟಿಯಾದ ಕೆಂಪು ತುಕ್ಕು' ಎಂದು ಬರೆದಿದ್ದಾರೆ. ಹೊಸದಾಗಿ ಕೊರೆದ ಕಬ್ಬಿಣಕ್ಕೆ ಕೆಲವೇ ದಿನಗಳಲ್ಲಿ ಅಷ್ಟು ತುಕ್ಕು ಹಿಡಿಯುವುದಿಲ್ಲ. ಅದು ತುಕ್ಕಲ್ಲವೆಂದು ಗೊತ್ತಿರುವವರು ಇಬ್ಬರೇ.

ಮುಂದಿನ ವಾರ ಚಿಕ್ಕಪ್ಪ ಸಾಕ್ಷಿ ಹೇಳಬೇಕು. ಆ ಹಾಳೆಯನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು, ಮತ್ತೆ ಓದಿದರು. ನಾನು ಕೇಳಿ ಇವತ್ತಿಗೆ ನಾಲ್ಕು ದಿನ.

"ಚಿಕ್ಕಪ್ಪ, ಅವತ್ತು ಕಚ್ಚಿಗೆ ಕುಂಕುಮ ಒತ್ತಿದ್ದು ಯಾರ ಬೆರಳು?"